ಎಸಿ ‘ಆರಿಸು’ ಅಂದರೆ ಯಾವ ಆರಿಸು?

ಎಲ್ಲರಿಗೂ ನಮಸ್ಕಾರ. ನಾನು ಬರೆದುಕೊಟ್ಟ ಒಂದು ಕ್ರಿಯಾಪದದಿಂದಾಗಿ ನಮ್ಮ ಭಾವನ ಮನೆಯಲ್ಲಿ ಇಡೀ ರಾತ್ರಿಯ ಕರೆಂಟು ದಂಡವಾಯಿತು. ಅದಕ್ಕೆ ಬದಲಿ ಪದ ಹುಡುಕುತ್ತಿದ್ದೇನೆ. ಕತೆ ಸ್ವಲ್ಪ ಉದ್ದ, ತಾಳ್ಮೆಯಿರಲಿ.

ಅಕ್ಕನನ್ನು ಕೊಟ್ಟದ್ದು ಕುಮಟಾದ ಕಡೆಗೆ. ಭಾವ ಮನೆಯ ಹಿತ್ತಲಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಹನ್ನೆರಡಕ್ಕೆ ಹತ್ತು ಅಡಿಯ ಕೋಣೆ, ಮೊದಲು ಕೊಟ್ಟಿಗೆಯಾಗಿತ್ತು. (ಇದನ್ನು ಏನೆಂದು ಕರೆಯಬೇಕು ಎಂಬುದೇ ಬೇರೆ ಚರ್ಚೆ. ‘ಕಾರ್ಯಾಗಾರ’ ಎಂದರೆ ಈಗ ಯಾರಾದರೂ ದೀಪ ಬೆಳಗಿಸಿ ಭಾಷಣ ಶುರುಮಾಡುತ್ತಾರೆ. ‘ಕಮ್ಮಟ’ವನ್ನು ಕವಿಗಳು ಎತ್ತಿಕೊಂಡು ಹೋದರು. ಕಮ್ಮಾರಸಾಲೆಯ ‘ಸಾಲೆ’ ನನಗೆ ಇಷ್ಟ, ಆದರೆ ನಮ್ಮ ಕಡೆ ಸಾಲೆಗೆ ಹೋಗುವವರು ಪಾಟಿಚೀಲದ ಮಕ್ಕಳು. ಮನೆಯವರೆಲ್ಲ ‘ಶೆಡ್ಡು’ ಅನ್ನುತ್ತಾರೆ. ನನಗೂ ಅದೇ ಸಾಕು.)

ಕರಾವಳಿಯ ಮಳೆಗಾಲದಲ್ಲಿ ಹಾರ್ಮೋನಿಯಂ ಪಾಡು ನೋಡಿದವರಿಗೇ ಗೊತ್ತು. ಒಂದು ಮನೆ (ಬೆರಳಿನಿಂದ ಒತ್ತುವ ಪಟ್ಟಿ) ಒತ್ತಿದರೆ ಅಲ್ಲೇ ಕೂತುಬಿಡುತ್ತದೆ, ಮೇಲೆ ಏಳುವುದಿಲ್ಲ. ಮರ ಉಬ್ಬಿ ಪಕ್ಕದ ಮನೆಗೆ ಕಚ್ಚಿರುತ್ತದೆ. ತಿದಿ ಒತ್ತಿದಷ್ಟು ಹೊತ್ತೂ ಅದೊಂದೇ ಸ್ವರ ಕೂಗುತ್ತಿರುತ್ತದೆ. ಹಿತ್ತಾಳೆಯ ರೀಡಿಗೆ ಕಿಲುಬು, ಒಳಗಿನ ಚರ್ಮಕ್ಕೆ ಬೂಷ್ಟು. ಕಳೆದ ಆರಿದ್ರಾ ಮಳೆಯಲ್ಲಿ ಭಾವ ಒಂದೇ ಪೆಟ್ಟಿಗೆಯನ್ನು ಮೂರು ಸಲ ಬಿಚ್ಚಿ, ಮನೆಗಳ ಅಂಚು ಉಜ್ಜಿ, ಜೋಡಿಸಿಕೊಟ್ಟರು. ಮಳೆ ಹೊಳವಾದ ಮೇಲೆ ಅದೇ ಮರ ಕುಗ್ಗಿ ಮನೆಗಳೆಲ್ಲ ಲಟಲಟ ಅನ್ನತೊಡಗಿದವು. ಗಿರಾಕಿ ವಾಪಸ್ ತಂದಿಟ್ಟರು. ಅವತ್ತೇ ಎಸಿಯ ಮಾತು ಶುರುವಾದದ್ದು.

ಅಂಗಡಿಗೆ ನಾನೂ ಹೋಗಿದ್ದೆ. ಭಾವ ಹೇಳಿದ್ದು ಇಷ್ಟೇ: “ನಮ್ಗೆ ಥಂಡಿ ತೆಗಿಯುವ ಮಷಿನ್ನು ಬೇಕಾಗಿತ್ತು.”

“ಇದು ನೋಡಿ, ಹತ್ತು ನಿಮಿಷಕ್ಕೆ ಥಂಡಿ ಮಾಡ್ತದೆ.”

“ಮಾಡುದಲ್ಲ ಮಾರಾಯ್ರೆ, ತೆಗಿಯುದು!”

ಅಂಗಡಿಯ ಹುಡುಗ ಒಂದು ಕ್ಷಣ ಯೋಚಿಸಿ, ಒಳಗೆ ಹೋಗಿ, ರೂಮ್ ಹೀಟರಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. ಏಪ್ರಿಲ್ ತಿಂಗಳು, ಮೂವರೂ ಸೆಕೆಯಲ್ಲಿ ನೀರಾಗಿ ನಿಂತಿದ್ದೆವು.

ತಪ್ಪು ಅವನದಲ್ಲ. ನಮ್ಮಲ್ಲಿ ‘ಥಂಡಿ’ ಮೂರು ಕೆಲಸ ಮಾಡುತ್ತದೆ. ಮಾಗಿಯಲ್ಲಿ ಬೀಳುವುದು ಥಂಡಿ, ಮೂಗು ಕಟ್ಟಿದರೆ ಥಂಡಿ, ಗೋಡೆ ಹಿಡಿದುಕೊಳ್ಳುವುದೂ ಥಂಡಿ. ಎಸಿ ಮಾರುವವನ ಥಂಡಿ ಮೊದಲನೆಯದು, ಕೊಳ್ಳುವವರ ಥಂಡಿ ಮೂರನೆಯದು. ‘ತೇವಾಂಶ’ ಅಂದಿದ್ದರೆ ಆಗುತ್ತಿತ್ತು ಅನ್ನಬಹುದು. ಆದರೆ ಅದು ಅಡಿಕೆ ವ್ಯಾಪಾರಿಯ ಮತ್ತು ಕೃಷಿ ಇಲಾಖೆಯವರ ಮಾತು. ‘ಆರ್ದ್ರತೆ’ ರೇಡಿಯೋದ ಹವಾಮಾನ ವರದಿಯಲ್ಲಿ ಮಾತ್ರ ಬದುಕಿದೆ. ತಮಾಷೆಯೆಂದರೆ ಆರ್ದ್ರಾ ನಕ್ಷತ್ರದ ‘ಆರಿದ್ರಾ ಮಳೆ’ ಪ್ರತಿಯೊಬ್ಬ ರೈತನ ಬಾಯಲ್ಲೂ ಇದೆ, ಅದೇ ಒದ್ದೆಯ ಪದ. ಹಳೆಯ ‘ಪಸೆ’ ಬಹಳ ಚೆಂದ, ಆದರೆ ಅಂಗಡಿಯಲ್ಲಿ ಪಸೆ ಅಂದರೆ ಹೀಟರಿಗಿಂತ ವಿಚಿತ್ರವಾದದ್ದು ಏನಾದರೂ ಹೊರಬಂದೀತು.

ಆಮೇಲೆ ಟನ್ನಿನ ಗೊಂದಲ. “ಒಂದು ಟನ್ ತೂಕ ನಮ್ ಗೋಡೆ ತಡಕೊಳ್ತದಾ?” ಎಂದು ಭಾವ ಕೇಳಿದ್ದಕ್ಕೆ ನಾನು ನಗಲಿಲ್ಲ, ನನಗೂ ಮೊದಲು ಹಾಗೇ ಇತ್ತು. ಒಂದು ಟನ್ ಎಂದರೆ ಅಮೆರಿಕದ ಒಂದು ಟನ್ ಐಸು, ಅಂದರೆ ಸುಮಾರು 907 ಕಿಲೋ, 24 ಗಂಟೆಯಲ್ಲಿ ಕರಗುವಾಗ ಹೀರಿಕೊಳ್ಳುವಷ್ಟು ಶಾಖವನ್ನು ಕೋಣೆಯಿಂದ ಹೊರಗೆ ಹಾಕುವ ತಾಕತ್ತು. ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಸುಮಾರು ಮೂರೂವರೆ ಕಿಲೋವ್ಯಾಟ್. ಎಸಿ ಬರುವ ಮೊದಲು ಐಸಿನಿಂದಲೇ ತಂಪು ಮಾಡುತ್ತಿದ್ದ ಕಾಲದ ಅಳತೆ ಅದು. ಹೀಗೆ ವಿವರಿಸಿದಾಗ ಪಟ್ಟನೆ ಅರ್ಥವಾದದ್ದು ಪಕ್ಕದಲ್ಲಿ ಫ್ರಿಜ್ ನೋಡುತ್ತಿದ್ದ ತದಡಿಯ ಮೀನು ವ್ಯಾಪಾರಿಗೆ. ದಿನಾ ಮೀನಿಗೆ ಐಸು ಹೊಡೆಸುವವರಿಗೆ ಟನ್ನಿನ ಪಾಠ ಯಾಕೆ ಬೇಕು?

ಒಂದೂವರೆ ಟನ್ ತೆಗೆದುಕೊಳ್ಳಿ, ಬೇಗ ತಂಪಾಗುತ್ತದೆ ಎಂದು ಅಂಗಡಿಯವರ ಒತ್ತಾಯ. ಆ ‘ಬೇಗ’ವೇ ನಮಗೆ ಬೇಡವಾದದ್ದು. ಕೋಣೆಗಿಂತ ದೊಡ್ಡ ಎಸಿ ಗಡಬಡ ಮಾಡಿ ತಂಪು ಮುಟ್ಟಿಸಿ ನಿಂತುಬಿಡುತ್ತದೆ. ಗಾಳಿಯಲ್ಲಿದ್ದ ನೀರು ತಣ್ಣನೆಯ ಕಾಯಿಲಿನ ಮೇಲೆ ಹನಿಗಟ್ಟಿ ಇಳಿಯುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಕೋಣೆ ತಣ್ಣಗೂ ಇರುತ್ತದೆ, ಹಸಿಯಾಗಿಯೂ ಇರುತ್ತದೆ. ಹಾಗಾಗಿ ಒಂದೇ ಟನ್ನಿನ ಇನ್ವರ್ಟರ್ ಎಸಿ ತಂದೆವು, ಉಪ್ಪುಗಾಳಿಗೆ ತಾಮ್ರದ ಕಾಯಿಲಿನದು. (ಇನ್ವರ್ಟರ್ ಎಂದರೆ ಕರೆಂಟು ಹೋದಾಗಲೂ ಓಡುತ್ತದೆ ಎಂದು ಅಕ್ಕ ನಂಬಿದ್ದಳು. ಅದು ಕಂಪ್ರೆಸರಿನ ವೇಗ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆಯಷ್ಟೇ. ಬ್ಯಾಟರಿಯ ಇನ್ವರ್ಟರು ಆ ಪದವನ್ನು ಮೊದಲೇ ಬುಕ್ ಮಾಡಿಟ್ಟಿದೆ.) ಹಂಚಿನ ಸಂದಿನಿಂದ ಗಾಳಿ ನುಗ್ಗದಂತೆ ಕೆಳಗೊಂದು ಪ್ಲೈವುಡ್ಡಿನ ಮುಚ್ಚಿಗೆ ಹೊಡೆಸಿದ್ದೂ ಆಯಿತು. ಅದಿಲ್ಲದಿದ್ದರೆ ಇಡೀ ಹಿತ್ತಲನ್ನೇ ತಂಪು ಮಾಡಬೇಕಿತ್ತು.

ಈಗ ನನ್ನ ತಪ್ಪು. ಕೆಲಸಕ್ಕೆ ಬರುವ ಇಬ್ಬರು ಹುಡುಗರಿಗಾಗಿ ರಿಮೋಟಿನ ಗುಂಡಿಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಕೊಡು ಎಂದು ಭಾವ ಹೇಳಿದರು. ಗಾಳಿಯ ತೇವ ತೆಗೆಯುವ ‘ಡ್ರೈ’ ಗುಂಡಿಗೆ ನಾನು ‘ಆರಿಸು’ ಎಂದು ಬರೆದೆ. ಬಟ್ಟೆ ಆರಹಾಕುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪದ ಯಾವುದು ಎಂದು ನನಗೇ ಬೆನ್ನು ತಟ್ಟಿಕೊಂಡೆ. ಕೊನೆಯ ಸಾಲಿನಲ್ಲಿ, ಯೋಚಿಸದೆ, ‘ಸಂಜೆ ಹೋಗುವಾಗ ಎಸಿ ಆರಿಸಿ’ ಎಂದೂ ಬರೆದೆ. ಹುಡುಗ ನಿಯತ್ತಿನವನು. ಹೋಗುವಾಗ ಡ್ರೈ ಗುಂಡಿ ಒತ್ತಿ, ಬಾಗಿಲು ಹಾಕಿ ಹೋದ. ಬೆಳಿಗ್ಗೆ ಪೈಪಿನ ಕೆಳಗಿಟ್ಟ ಬಕೆಟ್ ತುಂಬಿ ದಾಸವಾಳದ ಬುಡಕ್ಕೆ ಹರಿಯುತ್ತಿತ್ತು.

ಕೂತು ಲೆಕ್ಕ ಹಾಕಿದೆ. ಕಾಫಿ ಆರಿತು, ಅಂಗಿ ಆರಿತು, ದೀಪ ಆರಿತು, ಗಾಯ ಆರಿತು. ಬಿಸಿ, ನೀರು, ಉರಿ, ನೋವು, ಇದ್ದದ್ದು ಹೋಗುವುದೇ ಎಲ್ಲ ಕಡೆಯೂ ‘ಆರು’. ಎಸಿ ಮಾಡುವುದು ಇವುಗಳಲ್ಲಿ ಮೊದಲ ಎರಡನ್ನು, ನಾವು ಎಸಿಗೆ ಮಾಡುವುದು ಮೂರನೆಯದನ್ನು. ಇದು ಸಾಲದೆಂಬಂತೆ ಅಕ್ಕಿ ಆರಿಸುವ, ‘ಆಯ್ಕೆ’ಯ ನೆಂಟನಾದ ಇನ್ನೊಂದು ಆರಿಸು. ‘ಎಸಿ ಆರಿಸುವುದು ಹೇಗೆ’ ಎಂಬ ತಲೆಬರಹ ಕಂಡರೆ ಅದು ಕೊಳ್ಳುವವರಿಗೋ, ಬಂದ್ ಮಾಡುವವರಿಗೋ ಹೇಳಿ ನೋಡೋಣ.

‘ಒಣಗಿಸು’ ಅನ್ನಿ ಎಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ನನಗೆ ಒಪ್ಪಿಗೆಯಿಲ್ಲ. ಮಿಂದು ಬಂದವಳ ಕೂದಲು ಆರುತ್ತದೆ, ಎಣ್ಣೆ ಕಾಣದ ಕೂದಲು ಒಣಗುತ್ತದೆ. ಬಟ್ಟೆಗೆ ಎರಡೂ ನಡೆಯುತ್ತದೆ, ಆದರೆ ಅಡಿಕೆ, ಮೆಣಸು ಒಣಗಬೇಕು, ಆರಿದರೆ ಸಾಲದು. ಮೇಲಿನ ನೀರು ಹೋದರೆ ಆರುವುದು, ಒಳಗಿನ ಪಸೆಯೂ ಹೋದರೆ ಒಣಗುವುದು. ಭಾವನ ಕಸುಬಿನಲ್ಲಿ ಈ ವ್ಯತ್ಯಾಸಕ್ಕೆ ದುಡ್ಡಿನ ಬೆಲೆಯಿದೆ. ಹಾರ್ಮೋನಿಯಂ ಮರ ಆರಬೇಕು. ಒಣಗಿದರೆ ಸೀಳುತ್ತದೆ.

ಇನ್ನೊಂದು ಮಾತು. ‘ಹವಾನಿಯಂತ್ರಣ’ವನ್ನು ನಾವೆಲ್ಲ ತಂಪು ಅಂತಲೇ ಓದುತ್ತೇವೆ. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಮೊದಲ ವ್ಯವಸ್ಥೆ ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ. ಅಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. 1906ರಲ್ಲಿ ಸ್ಟುವರ್ಟ್ ಕ್ರೇಮರ್ ‘ಏರ್ ಕಂಡೀಷನಿಂಗ್’ ಎಂಬ ಹೆಸರು ಕೊಟ್ಟದ್ದು ನೂಲಿನ ಗಿರಣಿಯ ಗಾಳಿಗೆ ತೇವ ಸೇರಿಸುವ ಕೆಲಸದ ಸಂದರ್ಭದಲ್ಲಿ. ಅಂದರೆ ತೇವವನ್ನು ಹತೋಟಿಯಲ್ಲಿಡುವುದೇ ಯಂತ್ರದ ಮೂಲ ಕಸುಬು, ಅಂಗಡಿಯಲ್ಲಿ ಭಾವ ಕೇಳಿದ್ದೂ ಅದನ್ನೇ.

ನನ್ನ ಪ್ರಶ್ನೆಗಳು: ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರು ಗೋಡೆಯ ಥಂಡಿಗೂ ಮೈಯ ಥಂಡಿಗೂ ಬೇರೆ ಬೇರೆ ಪದ ಬಳಸುತ್ತೀರಾ? ಘಟ್ಟದ ಮೇಲೆ, ಶಿರಸಿ ಸಿದ್ದಾಪುರದಲ್ಲಿ? ಯಂತ್ರವನ್ನು ನಿಲ್ಲಿಸುವುದಕ್ಕೆ ‘ಆರಿಸು’ ಅನ್ನುವವರು ನನ್ನ ಹೊರತು ಇನ್ನೂ ಇದ್ದೀರಾ, ಅಥವಾ ಅದು ಚಿಮಣಿ ದೀಪದ ಜೊತೆಗೇ ಹೋಯಿತಾ? ಕೆಲವರು ದೀಪಕ್ಕೂ ಆ ಮಾತು ಆಡದೆ ‘ಶಾಂತ ಮಾಡು’ ಅನ್ನುವುದನ್ನು ಕೇಳಿದ್ದೇನೆ.

ಸದ್ಯಕ್ಕೆ ಕೊನೆಯ ಸಾಲನ್ನು ‘ಎಸಿ ಬಂದ್ ಮಾಡಿ’ ಎಂದು ತಿದ್ದಿದ್ದೇನೆ. ಮೇಲಿನ ‘ಆರಿಸು’ ಹಾಗೇ ಉಳಿಸಿದ್ದೆ. ಮೊನ್ನೆ ಹೋದಾಗ ನೋಡಿದರೆ ಹುಡುಗ ಅದರ ಮೇಲೆ ಗೀಟು ಎಳೆದು, ರಿಮೋಟಿನಲ್ಲಿರುವ ನೀರಿನ ಹನಿಯ ಗುರುತನ್ನೇ ಪೆನ್ಸಿಲಿನಲ್ಲಿ ಬಿಡಿಸಿಟ್ಟಿದ್ದಾನೆ. ಶೆಡ್ಡಿನಲ್ಲಿ ಈಗ ಎಲ್ಲರೂ “ಹನಿ ಒತ್ತು” ಅನ್ನುತ್ತಾರೆ.