ಡಿಬಿಎಸ್ ತಂತಿಯನ್ನು ಮೆದುಳು ರಿಜೆಕ್ಟ್ ಮಾಡುತ್ತಾ?

ಪ್ರಶ್ನೆ: ಡಾಕ್ಟ್ರೇ, ನಾವು ಜಯನಗರದವರು. ಅಪ್ಪನಿಗೆ 68 ವರ್ಷ, ಪಾರ್ಕಿನ್ಸನ್ಸ್ ಇದೆ. ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್: ಮೆದುಳೊಳಗೆ ತಂತಿ ಇಳಿಸಿ, ಎದೆಯಲ್ಲಿಟ್ಟ ಬ್ಯಾಟರಿಯಿಂದ ಸಣ್ಣ ಕರೆಂಟ್ ಕೊಡುವುದು) ಮಾಡಿಸಿ ಅಂದಿದ್ದಾರೆ. ನಮ್ಮ ರಸ್ತೆಯಲ್ಲೇ ಒಬ್ಬರಿಗೆ ಆಗಿತ್ತು. ಕರೆಂಟ್ ಆನ್ ಮಾಡುವ ಮೊದಲೇ ಕೈನಡುಕ ನಿಂತಿತಂತೆ, ಎರಡು ವಾರದಲ್ಲಿ ಮತ್ತೆ ಶುರುವಾಯಿತಂತೆ. ಮೆದುಳು ತಂತಿಯನ್ನು ರಿಜೆಕ್ಟ್ ಮಾಡಿತು ಅಂತಾರೆ ಅವರ ಮನೆಯವರು. ಹಾಗಾಗುತ್ತಾ?

ಉತ್ತರ (ನ್ಯೂರೋಸರ್ಜನ್): ಇಲ್ಲ. ರಿಜೆಕ್ಷನ್ ಅನ್ನೋದು ಬೇರೆಯವರ ಕಿಡ್ನಿ ಹಾಕಿದಾಗಿನ ಮಾತು. ಈ ತಂತಿಯಲ್ಲಿ ಬೇರೆಯವರ ಜೀವಕೋಶ ಇಲ್ಲ. ಪ್ಲಾಟಿನಂ-ಇರಿಡಿಯಂ ತುದಿಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಅಷ್ಟೇ. ಹಾಗಂತ ಮೆದುಳು ಸುಮ್ನೆ ಕೂರುವುದೂ ಇಲ್ಲ.

ತಂತಿಯ ದಪ್ಪ ಸುಮಾರು 1.3 ಮಿಲಿಮೀಟರ್. ಒಳಗೆ ಹೋಗುವಾಗ ಸಣ್ಣ ರಕ್ತನಾಳಗಳಿಗೆ ಪೆಟ್ಟಾಗುತ್ತೆ, ಸುತ್ತ ಊತ ಬರುತ್ತೆ. ಆ ಪೆಟ್ಟು, ಊತದಿಂದಲೇ ನಡುಕ ಹುಟ್ಟಿಸುವ ಜಾಗ ಸ್ವಲ್ಪ ದಿನ ತಣ್ಣಗಾಗುತ್ತೆ. ಊತ ಇಳಿದ ಮೇಲೆ ನಡುಕ ವಾಪಸ್ ಬರುತ್ತೆ. ಹಾಗೆ ಮೊದಲೇ ನಡುಕ ನಿಂತರೆ ನಮಗೆ ಅದು ಒಳ್ಳೆ ಸೂಚನೆ, ತಂತಿ ಸರಿಯಾದ ಕಡೆಗೆ ಹೋಗಿದೆ ಅಂತ. ಎಷ್ಟೋ ಕಡೆ ಪ್ರೋಗ್ರಾಮಿಂಗ್ (ಕರೆಂಟ್ ಎಷ್ಟು ಬೇಕು ಅಂತ ಹೊಂದಿಸುವುದು) ಕೆಲವು ವಾರ ಬಿಟ್ಟು ಶುರು ಮಾಡುವುದೂ ಇದಕ್ಕೇ. ಊತ ಇರುವಾಗ ಹೊಂದಿಸಿದ ಕರೆಂಟ್ ಆಮೇಲೆ ಸಾಲುವುದಿಲ್ಲ. ಇದನ್ನು ಆಪರೇಷನ್‌ಗೆ ಮೊದಲೇ ಮನೆಯವರಿಗೆ ಬಿಡಿಸಿ ಹೇಳಬೇಕು, ಹೇಳುವುದು ಕಮ್ಮಿ.

ಇನ್ನು ಗಾಯದ ಕಲೆ. ಮೊದಲು ಮೈಕ್ರೋಗ್ಲಿಯಾ ಅನ್ನೋ ಮೆದುಳಿನ ಕಾವಲು ಕೋಶಗಳು ತಂತಿಯನ್ನು ಮುತ್ತುತ್ತವೆ. ವಾರಗಳು ಕಳೆದಂತೆ ಆಸ್ಟ್ರೋಸೈಟ್‌ಗಳು, ಅಂದ್ರೆ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳು, ಸುತ್ತ ತೆಳು ಪೊರೆ ಕಟ್ಟುತ್ತವೆ. ಮೆದುಳು ಗಿಣ್ಣಿನಷ್ಟು ಮೆತ್ತಗೆ, ತಂತಿ ಗಡಸು. ಪ್ರತಿ ಉಸಿರಿಗೂ ನಾಡಿಬಡಿತಕ್ಕೂ ಮೆದುಳು ಸ್ವಲ್ಪ ಅಲುಗುತ್ತೆ, ತಂತಿಗೆ ತಾಗುತ್ತಲೇ ಇರುತ್ತೆ. ಹಾಗಾಗಿ ಪೊರೆ ಪೂರ್ತಿ ಹೋಗುವುದಿಲ್ಲ. ಡಿಬಿಎಸ್‌ಗೆ ಅದು ದೊಡ್ಡ ತೊಂದರೆಯಲ್ಲ, ಕರೆಂಟ್ ಅದನ್ನು ದಾಟಿ ಕೆಲವು ಮಿಲಿಮೀಟರ್ ಹರಡುತ್ತೆ.

ಪ್ರಶ್ನೆ (ಇನ್ನೊಬ್ಬರು): ಮತ್ತೆ ಸುದ್ದಿಯಲ್ಲಿ ಬರೋ ಮೆದುಳಿನ ಚಿಪ್‌ಗಳಿಗೆ ಕಲೆಯೇ ದೊಡ್ಡ ಸಮಸ್ಯೆ ಅಂತಾರಲ್ಲ ಸಾರ್?

ಉತ್ತರ: ಅವುಗಳ ಕೆಲಸ ಬೇರೆ. ಒಂದೊಂದು ನರಕೋಶದ ವಿದ್ಯುತ್ ಸಿಗ್ನಲ್ಲನ್ನೂ ಹಿಡಿಯಬೇಕು. ಅದಕ್ಕೆ ಕೋಶ ಸುಮಾರು 100 ಮೈಕ್ರೋಮೀಟರ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಒಳಗೇ ಇರಬೇಕು. ಅಷ್ಟರೊಳಗೆ ಪೊರೆ ಬೆಳೆದು, ಹತ್ತಿರದ ಕೋಶಗಳು ಸತ್ತರೆ ಸಿಗ್ನಲ್ ಕ್ಷೀಣಿಸುತ್ತೆ. ಅದಕ್ಕೇ ಬಾಗುವ ಪಾಲಿಮರ್ ಎಳೆಗಳನ್ನು ಮಾಡುತ್ತಿದ್ದಾರೆ.

ಪ್ರಶ್ನೆ (ಮೊದಲು ಕೇಳಿದವರು): ಹಾಗಾದ್ರೆ ಅಪ್ಪನ ವಿಷಯದಲ್ಲಿ ಭಯ ಬೇಡ ಅಲ್ವಾ?

ಉತ್ತರ: ಕಲೆಗೆ ಹೆದರಬೇಡಿ. ರಕ್ತಸ್ರಾವ, ಸೋಂಕು ಇವೆರಡರ ಬಗ್ಗೆ ಸರ್ಜನ್ ಹತ್ತಿರ ಬಿಚ್ಚಿ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹಿಡಿತಕ್ಕೆ ತನ್ನಿ. ಎದೆಯಲ್ಲಿ ಬ್ಯಾಟರಿ ಇಟ್ಟ ಕಡೆ ಅಥವಾ ತಲೆಯ ಹೊಲಿಗೆ ಹತ್ತಿರ ಕೆಂಪಾದರೆ, ಕೀವು ಕಂಡರೆ ಅವತ್ತೇ ಹೋಗಿ; ಜಾಸ್ತಿಯಾದರೆ ಎಲ್ಲವನ್ನೂ ತೆಗೆಯಬೇಕಾಗಬಹುದು. ಫಿಸಿಯೋಥೆರಪಿಯಲ್ಲಿ ಡಯಾಥರ್ಮಿ (ಯಂತ್ರದ ಅಲೆಗಳಿಂದ ಮೈಯೊಳಗೆ ಕೊಡುವ) ಶಾಖ ಕೊಡಿಸಲೇಬೇಡಿ. ಎಂಆರ್‌ಐಗೆ ಹೋದರೆ ಡಿವೈಸ್ ಕಾರ್ಡ್ (ಯಾವ ಡಿಬಿಎಸ್ ಹಾಕಿದೆ ಅಂತ ಬರೆದಿರುವ ಕಾರ್ಡ್) ತೋರಿಸಿ.