ಪದಚರ್ಚೆ: ‘ಕೆಥೆಡ್ರಲ್’, ‘ನೇವ್’ – ಕನ್ನಡದಲ್ಲಿ? (ನಾಳೆ ಅಚ್ಚಿಗೆ)

ಪ್ರಶ್ನೆ: ಜರ್ಮನಿಯ ಕಲೋನ್ ಕೆಥೆಡ್ರಲ್ ನೋಡಲು ಹೋಗುವ ಕನ್ನಡಿಗರಿಗೆ ಎರಡು ಪುಟದ ಕೈಪಿಡಿ. ಕೆಥೆಡ್ರಲ್‌ಗೆ ‘ಮಹಾ ಚರ್ಚ್’, ನೇವ್‌ಗೆ ‘ನವರಂಗ’ ಹಾಕಿದ್ದೇನೆ (ನೇವ್ ಎಂದರೆ ಚರ್ಚಿನೊಳಗೆ ಜನ ಕೂರುವ ನಡುವಿನ ಉದ್ದ ಭಾಗ). ‘533 ಮೆಟ್ಟಿಲು ಹತ್ತಿ ಶಿಖರ ತಲುಪಬಹುದು’ ಎಂಬ ಸಾಲೂ ಇದೆ. ಸರಿಯೇ?

ಉತ್ತರ 1: ‘ಮಹಾ’ ತಪ್ಪು. ಗಾತ್ರ ಇಲ್ಲಿ ಲೆಕ್ಕಕ್ಕಿಲ್ಲ. ಜರ್ಮನಿಯದೇ ಆದ ಉಲ್ಮ್ ಊರಿನ ಚರ್ಚಿನ ಶಿಖರ 161 ಮೀಟರ್ ದಾಟುತ್ತದೆ, ಕಲೋನಿನದು 157. ಆದರೂ ಉಲ್ಮ್‌ನದು ಕೆಥೆಡ್ರಲ್ ಅಲ್ಲ, ಬಿಷಪ್ಪರ ಪೀಠ ಅಲ್ಲಿಲ್ಲ. ಗ್ರೀಕಿನ ‘ಕಥೆದ್ರಾ’ ಎಂದರೆ ಆಸನ. ಹಾಗಾಗಿ ‘ಗದ್ದುಗೆಗುಡಿ’. ಅಚ್ಚಗನ್ನಡ, ಬೇರೆ ಹುಡುಕಬೇಡಿ.

ಉತ್ತರ 2: ಹುಡುಕಲೇಬೇಕು ಸ್ವಾಮಿ. ಉತ್ತರ ಕರ್ನಾಟಕದಲ್ಲಿ ಗದ್ದುಗೆ ಎಂದರೆ ಸ್ವಾಮಿಗಳ ಸಮಾಧಿಯೂ ಹೌದು. ಕಲೋನಿನಲ್ಲಿ ಬಲಿಪೀಠದ ಹಿಂದೆ ಬಾಲಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳ ಅಸ್ಥಿ ಇದೆಯೆಂದು ನಂಬುವ ಚಿನ್ನದ ಪೆಟ್ಟಿಗೆ ಬೇರೆ ಇದೆ. ಓದಿದವರು ಅದನ್ನೇ ಗದ್ದುಗೆ ಅಂದುಕೊಳ್ಳುತ್ತಾರೆ. ಕನ್ನಡ ಕಥೋಲಿಕರಲ್ಲಿ ‘ಪ್ರಧಾನಾಲಯ’ ಬಳಕೆಯಲ್ಲಿದೆ, ಅದನ್ನೇ ಹಾಕಿ.

ಉತ್ತರ 1: ಪ್ರಧಾನ ಸಂಸ್ಕೃತ, ಆಲಯ ಸಂಸ್ಕೃತ. ಕನ್ನಡ ಎಲ್ಲಿದೆ?

ಉತ್ತರ 3: ನವರಂಗ ಬೇಡ. ನಡುವೆ ನಾಲ್ಕು ಕಂಬ ನಿಂತು ಒಂಬತ್ತು ಅಂಕಣವಾಗುವ, ನಮ್ಮ ದೇವಸ್ಥಾನಗಳ ಚೌಕ ಮಂಟಪ ಅದು. ನೇವ್ ಬಾಗಿಲಿನಿಂದ ಉದ್ದಕ್ಕೆ ಚಾಚಿದ್ದು. ಕಲೋನಿನಲ್ಲಿ ನಡುವೆ ಅದೊಂದು, ಅತ್ತ ಎರಡು, ಇತ್ತ ಎರಡು, ಒಟ್ಟು ಐದು ಸಾಲು. ‘ನಡುಸಾಲೆ’, ‘ಪಕ್ಕಸಾಲೆ’ ಎನ್ನಿ. ‘ನಡು ಅಂಕಣ’ವೂ ಆಗದು, ಅಂಕಣ ಕಂಬದಿಂದ ಕಂಬಕ್ಕೆ ಇರುವ ಅಳತೆ. ಮೆಟ್ಟಿಲಿನ ಸಾಲು ಮೊದಲು ತಿದ್ದಿ. ಶಿಖರಕ್ಕೆ ಯಾರೂ ಹತ್ತುವುದಿಲ್ಲ. 533 ಮೆಟ್ಟಿಲು ದಕ್ಷಿಣ ಗೋಪುರದ್ದು, ಸುಮಾರು 100 ಮೀಟರ್ ಎತ್ತರದ ನೋಟದ ಕಟ್ಟೆಗೆ ಮುಗಿಯುತ್ತವೆ. ಲಿಫ್ಟ್ ಇಲ್ಲ. ಸುರುಳಿ ಮೆಟ್ಟಿಲು ಇಕ್ಕಟ್ಟು, ಹತ್ತುವವರೂ ಇಳಿಯುವವರೂ ಅದರಲ್ಲೇ ಎದುರಾಗುತ್ತಾರೆ. ಮಂಡಿನೋವಿನವರಿಗೆ ಬೇಕಾದದ್ದು ಈ ಮಾತು, ಗ್ರೀಕ್ ಧಾತುವಲ್ಲ.

ಉತ್ತರ 2: ಬಲಿಪೂಜೆಯ (ಕಥೋಲಿಕರ ‘ಮಾಸ್’) ಹೊತ್ತಿನಲ್ಲಿ ಸುತ್ತಾಡಿ ನೋಡಲು ಬಿಡುವುದಿಲ್ಲ, ಅದನ್ನೂ ಸೇರಿಸಿ. ‘ಪ್ರಾರ್ಥನೆ’ ಎಂದು ಬರೆಯಬೇಡಿ. ಪ್ರಾರ್ಥನೆಗೆ ಯಾವಾಗ ಬೇಕಾದರೂ ಕೂರಬಹುದು.

ಉತ್ತರ 4: ಕಲೋನ್ ಮಾದರಿಯಲ್ಲಿ ಕಟ್ಟಿದ ಮೈಸೂರಿನ ಸಂತ ಫಿಲೋಮಿನಾ ಕೆಥೆಡ್ರಲ್ಲೇ. ಊರಿನವರ ಬಾಯಲ್ಲಿ ಅದು ‘ಚರ್ಚ್’. ಕರಾವಳಿಯಲ್ಲಿ ‘ಇಗರ್ಜಿ’, ಅದು ಪೋರ್ಚುಗೀಸಿನಿಂದ ಬಂದದ್ದು. ಯಾವ ಎರವಲಿಗೆ ಮಡಿ, ಯಾವುದಕ್ಕೆ ಮೈಲಿಗೆ?

ಉತ್ತರ 1: ಎರವಲೇ ಬೇಕೆಂದರೆ ‘ಕತೀಡ್ರಲ್’ ಎಂದಾದರೂ ಬರೆಯಿರಿ. ನಮ್ಮ ನಾಲಗೆಗೆ ಮಹಾಪ್ರಾಣ ಯಾಕೆ?

ಉತ್ತರ 4: ‘ಧರ್ಮಾಧ್ಯಕ್ಷ’ ಎಂಬ ಪದವನ್ನು ಮೊದಲು ಅಲ್ಪಪ್ರಾಣದಲ್ಲಿ ಬರೆದು ತೋರಿಸಿ.

ಪ್ರಶ್ನೆ ಕೇಳಿದವರು: ತಲೆಬರಹ ‘ಕಲೋನ್ ಕೆಥೆಡ್ರಲ್’, ಕೆಳಗೆ ‘ಮಹಾಧರ್ಮಾಧ್ಯಕ್ಷರ (ಆರ್ಚ್‌ಬಿಷಪ್ಪರ) ಪೀಠವಿರುವ ಪ್ರಧಾನಾಲಯ’. ನಡುಸಾಲೆ, ಪಕ್ಕಸಾಲೆ ಉಳಿಯುತ್ತವೆ. ‘ದಕ್ಷಿಣ ಗೋಪುರ: 533 ಮೆಟ್ಟಿಲು, ಲಿಫ್ಟ್ ಇಲ್ಲ’ ದಪ್ಪಕ್ಷರದಲ್ಲಿ. ಪುಟ ಕಳಿಸುತ್ತಿದ್ದೇನೆ.

ಉತ್ತರ 1: ಗದ್ದುಗೆಗೆ ಅಡಿಟಿಪ್ಪಣಿಯಲ್ಲೂ ಜಾಗವಿಲ್ಲವೇ?