ಕ್ರಿಸ್‌ಕ್ರಾಸ್ ಅಂದರೆ ಅಡ್ಡಾದಿಡ್ಡಿ ಅಲ್ಲ, ಪುಟ್ಟಿ

ಪುಟ್ಟಿ, ನಿನ್ನ ಪ್ರಶ್ನೆ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಹೊತ್ತಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಇಂಗ್ಲಿಷ್ ಗೈಡಿನಲ್ಲಿ ಕ್ರಿಸ್‌ಕ್ರಾಸ್ ಅಂದರೆ ‘ಅಡ್ಡಾದಿಡ್ಡಿ’ ಅಂತ ಕೊಟ್ಟಿದ್ದಾರೆ, ಸರಿನಾ ಅಂತ ಕೇಳಿದ್ದೀಯ. ಸರಿ ಇಲ್ಲ ಕಣೇ. ಅಡ್ಡಾದಿಡ್ಡಿ ಅಂದರೆ ಕ್ರಮ ತಪ್ಪಿದ್ದು. ಕ್ರಿಸ್‌ಕ್ರಾಸ್‌ಗೆ ಬೇಕಾದ್ದು ಇಷ್ಟೇ: ಗೆರೆಗಳು ಒಂದನ್ನೊಂದು ಮತ್ತೆ ಮತ್ತೆ ಹಾಯಬೇಕು. ಶಂಕರಪೋಳಿ ಹಿಟ್ಟು ಲಟ್ಟಿಸಿ, ಈ ಕಡೆಯಿಂದ ಓರೆಯಾಗಿ ಕೊಯ್ದು, ಆಮೇಲೆ ಆ ಕಡೆಯಿಂದ ಕೊಯ್ಯುತ್ತೇವಲ್ಲ, ಅದು ಕ್ರಿಸ್‌ಕ್ರಾಸ್. ಎಷ್ಟು ಅಚ್ಚುಕಟ್ಟಾಗಿರುತ್ತದೆ, ಅಲ್ವಾ?

ಜಿಗ್‌ಜ್ಯಾಗ್ ಬೇರೆ. ಅದು ಒಂದೇ ಗೆರೆ, ಆಗುಂಬೆ ಘಾಟಿಯ ರಸ್ತೆ ಹಾಗೆ ಅಂಕುಡೊಂಕು. ಅಜ್ಜಿಯ ಕಸೂತಿ ಸೀರೆ ತೆಗೆದು ನೋಡು, ಎರಡೂ ಅದರಲ್ಲೇ ಇವೆ. ಧಾರವಾಡದ ಕಸೂತಿಗೆ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿ ಜಿಗ್‌ಜ್ಯಾಗ್. ಮೆಂತಿಯಲ್ಲಿ ದಾರ ದಾರವನ್ನು ದಾಟುತ್ತದೆ, ಮೆಂತ್ಯದ ಕಾಳಿನ ಹಾಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ರಾಸ್ ಸ್ಟಿಚ್ ಅನ್ನುತ್ತಾರೆ. ಅಜ್ಜಿ ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಿದ್ದು ಅದು. ಅದನ್ನು ಅಡ್ಡಾದಿಡ್ಡಿ ಅನ್ನಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಕ್ರಿಸ್‌ಕ್ರಾಸ್ ಅನ್ನುವ ಪದ ಹುಟ್ಟಿದ್ದು ಹೇಗೆ ಗೊತ್ತಾ? ಹಿಂದೆ ಇಂಗ್ಲೆಂಡಿನಲ್ಲಿ ಮಕ್ಕಳು ಅಕ್ಷರ ಕಲಿಯಲು ಹಿಡಿ ಇದ್ದ ಪುಟ್ಟ ಹಲಗೆ ಇತ್ತು, ಹಾರ್ನ್‌ಬುಕ್ ಅಂತ. ನಾವು ಮೊದಲು ಶ್ರೀಕಾರ ಬರೆಸುತ್ತೇವಲ್ಲ, ಹಾಗೆ ಅದರಲ್ಲಿ ಎ, ಬಿ, ಸಿ ಸಾಲಿನ ಮುಂದೆ ಒಂದು ಶಿಲುಬೆ ಗುರುತು ಇರುತ್ತಿತ್ತು. ಅದು ‘ಕ್ರೈಸ್ಟ್ಸ್ ಕ್ರಾಸ್’, ಕ್ರಿಸ್ತನ ಶಿಲುಬೆ. ಆಡುತ್ತಾ ಆಡುತ್ತಾ ಸವೆದು ಕ್ರಿಸ್‌ಕ್ರಾಸ್ ಆಯಿತು. ಓದು ಬರಹ ಬಾರದವರು ರುಜುವಿಗೆ ಹಾಕುತ್ತಿದ್ದ ಗುರುತಿಗೂ ಅದೇ ಹೆಸರು. ಜನ ಮೂಲ ಮರೆತ ಮೇಲೆ, ಹಾಯುವ ಗೆರೆಗಳಿಗೆಲ್ಲ ಆ ಪದ ಅಂಟಿಕೊಂಡಿತು.

ಕ್ರಿಯಾಪದವಾಗಿಯೂ ಬರುತ್ತದೆ. ಚುನಾವಣೆ ಹೊತ್ತಲ್ಲಿ ನಾಯಕರು ರಾಜ್ಯವನ್ನು ಕ್ರಿಸ್‌ಕ್ರಾಸ್ ಮಾಡಿದರು ಅಂತ ಇಂಗ್ಲಿಷ್ ಪೇಪರ್ ಬರೆದರೆ, ಕನ್ನಡದಲ್ಲಿ ‘ಉದ್ದಗಲಕ್ಕೂ ಓಡಾಡಿದರು’ ಅನ್ನು. ಬಯಲಿನ ತುಂಬ ಕಾಲುವೆಗಳು ಅಂತಿದ್ದರೆ ‘ಹಾಸುಹೊಕ್ಕು’ ಚೆನ್ನಾಗಿ ಕೂರುತ್ತದೆ. ಮಗ್ಗದಲ್ಲಿ ಉದ್ದದ ನೂಲು ಹಾಸು, ಅಡ್ಡದ ನೂಲು ಹೊಕ್ಕು. ಪರೀಕ್ಷೆಗೆ ಮಾತ್ರ ‘ಒಂದನ್ನೊಂದು ಹಾಯುವ ಗೆರೆಗಳು’ ಅಂತ ಬರೆ, ಸಾಕು.

ಸೀರೆ ತೆಗೆದಾಗ ಸೆರಗಿನ ಫೋಟೋ ಇಲ್ಲೇ ಗ್ರೂಪಿಗೆ ಹಾಕು. ಮೆಂತಿ ಯಾವುದು, ಮುರ್ಗಿ ಯಾವುದು ಅಂತ ಸುತ್ತು ಹಾಕಿ ಕಳಿಸುತ್ತೇನೆ.